ಗಂಗಾಳ ಬಲಗಾಲು

ಬೈಯಪ್ಪನಹಳ್ಳಿಯ ಬಾಡಿಗೆ ಕೋಣೆಯ ಹೊಸ್ತಿಲಲ್ಲಿ ಕೂತು ಗಂಗಾ ಚಪ್ಪಲಿ ಬಿಚ್ಚಿದಳು. ಬಲಗಾಲನ್ನು ಹೆಬ್ಬೆರಳಿನಿಂದ ಒತ್ತಿದರೆ ಗುಳಿ ಬಿದ್ದು ಹಾಗೇ ನಿಂತಿತು. ನಾಲ್ಕು ದಿನದಿಂದ ಹೀಗೇ. ಬೆಳಗ್ಗೆ ಇಳಿದ ಊತ, ಮೆಟ್ರೋ ನಿಲ್ದಾಣದ ಕಸ ಗುಡಿಸಿ ಬರುವಷ್ಟರಲ್ಲಿ ಮತ್ತೆ ಏರಿರುತ್ತಿತ್ತು.

ಒಳಗೆ ಅತ್ತೆ ಹುಸೇನಮ್ಮನ ತೊಡೆಯ ಮೇಲೆ ಮೂರು ವರ್ಷದ ಮಗಳು ಮಲಗಿದ್ದಳು. ಹುಸೇನಮ್ಮನಿಗೆ ಇಪ್ಪತ್ತು ವರ್ಷದಿಂದ ಆನೆಕಾಲು. ಗಂಗಾ ಮಗುವನ್ನು ಸರಕ್ಕನೆ ಎತ್ತಿಕೊಂಡಳು. ಅಂದೇ ಅತ್ತೆಯ ಹಾಸಿಗೆ ಮೂಲೆ ಸೇರಿತು, ತಂಬಿಗೆ ಬೇರೆಯಾಯಿತು. ಮುದುಕಿ ಯಾಕೆಂದು ಕೇಳಲಿಲ್ಲ. ಗಂಡ ಯಾಕೆಂದು ಕೇಳಿದ್ದಕ್ಕೆ, "ಕೂಸಿಗೆ ನೆಗಡಿ ಆಗ್ಯಾದ" ಅಂದಳು.

ಮತ್ತೆರಡು ದಿನ ಕಳೆಯುವುದರಲ್ಲಿ ಭಯ ತಡೆಯಲಾಗದೆ ಹಲಸೂರಿನ ದವಾಖಾನೆಗೆ ಹೋದಳು. ಡಾಕ್ಟರ್ ತೇಜಶ್ರೀ ಅವಳ ಬೆರಳು ಚುಚ್ಚಿ, ಪರೀಕ್ಷೆಯ ಪಟ್ಟಿಯ ಮೇಲೆ ಹನಿ ರಕ್ತ ಬಿಟ್ಟರು. ಹತ್ತು ನಿಮಿಷ ಕಾಯಬೇಕಿತ್ತು.

"ನಮ್ಮತ್ತಿ ಕಾಲೂ ಊದ್ಯಾದರಿ. ಅಕಿಂದೇ ಅಂಟಿರಬೇಕು."

"ಮುಟ್ಟಿದ್ರೆ ಅಂಟಲ್ಲಮ್ಮ, ಸೊಳ್ಳೆಯಿಂದ ಬರೋದು. ರಕ್ತನಾಳದಿಂದ ಮೈಯೊಳಗೆ ನೀರು ಜಿನುಗ್ತಾನೇ ಇರುತ್ತೆ. ಅದನ್ನ ವಾಪಸ್ ರಕ್ತಕ್ಕೆ ಸೇರಿಸೋಕೆ ಸಣ್ಣ ಸಣ್ಣ ಲಿಂಫ್ ನಾಳಗಳಿವೆ. ಅದಕ್ಕೆ ಹೃದಯದಂಥ ಪಂಪ್ ಇಲ್ಲ. ನೀವು ನಡೆದ್ರೆ, ಪಾದ ಆಡಿಸಿದ್ರೆ ನೀರು ಮೇಲಕ್ಕೆ ಹತ್ತುತ್ತೆ. ಸೊಳ್ಳೆ ಬಿಟ್ಟ ಹುಳ ಆ ನಾಳದಲ್ಲೇ ಗೂಡು ಕಟ್ಟುತ್ತೆ. ನಾಳ ಕೆಟ್ರೆ ನೀರು ಕಾಲಲ್ಲೇ ನಿಲ್ಲುತ್ತೆ."

ಯಾದಗಿರಿ ಕಡೆಯ ತಮ್ಮ ಊರಲ್ಲಿ ಆಶಾ ಕಾರ್ಯಕರ್ತೆ ಆನೆಕಾಲು ಬಾರದಿರಲೆಂದು ಮನೆಬಾಗಿಲಿಗೆ ತಂದುಕೊಟ್ಟ ಗುಳಿಗೆಗಳನ್ನು ಹಿತ್ತಲಿಗೆ ಎಸೆದದ್ದು ಗಂಗಾಳಿಗೆ ನೆನಪಾಯಿತು.

ಪಟ್ಟಿಯ ಮೇಲೆ ಎರಡನೆಯ ಗೆರೆ ಮೂಡಿತು.

"ಇದೆ," ಎಂದರು ಡಾಕ್ಟರ್. "ಮಾತ್ರೆ ಕೊಡ್ತೀನಿ, ಹುಳಕ್ಕೆ. ಕೆಟ್ಟ ನಾಳ ಎಷ್ಟು ಸರಿಹೋಗುತ್ತೋ ಹೇಳೋಕಾಗಲ್ಲ. ಬೇಗ ಬಂದಿದ್ದೀರಿ, ಅದೇ ಪುಣ್ಯ. ದಿನಾ ಕಾಲಿಗೆ ಸೋಪು ಹಾಕಿ ತೊಳೀರಿ, ಬೆರಳ ಸಂದಿ ಒರೆಸಿ, ಗಾಯ ಆಗೋಕೆ ಬಿಡ್ಬೇಡಿ. ಅತ್ತೆಗೂ ಇದೇ ಆರೈಕೆ. ಮನೆಯವರನ್ನೆಲ್ಲ ಪರೀಕ್ಷೆಗೆ ಕರ್ಕೊಂಬನ್ನಿ."

ಮನೆಗೆ ಬಂದಾಗ ಹುಸೇನಮ್ಮನ ಕಣ್ಣು ಮಾತ್ರೆಯ ಚೀಟಿಯ ಮೇಲೆ ಬಿತ್ತು.

"ನಿನಗೂ ಬಂತೇನ ಯವ್ವಾ? ನೀ ಕುಂಟೂದು ನೋಡೀನಿ. ಹೇಳಿದ್ರ ಅಂಜ್ತಿ ಅಂತ ಸುಮ್ಕಿದ್ದೆ."

"ನಿಮ್ಮಿಂದ ಬಂದದ್ದಲ್ಲಂತ, ಅತ್ತಿ. ನಾ ತಪ್ಪು ತಿಳ್ಕೊಂಡೆ."

ಗಂಗಾ ಬಕೆಟ್ಟಿನಲ್ಲಿ ನೀರು ತಂದು, ಅತ್ತೆಯ ಆ ಭಾರದ ಕಾಲನ್ನು ಎರಡೂ ಕೈಯಲ್ಲಿ ಎತ್ತಿ ಅದರೊಳಗೆ ಇಳಿಸಿದಳು. ಮದುವೆಯಾಗಿ ಆರು ವರ್ಷದಲ್ಲಿ ಅದನ್ನು ಮುಟ್ಟಿದ್ದು ಅದೇ ಮೊದಲು. ಮಡಿಕೆ ಮಡಿಕೆಯಲ್ಲೂ ಸೋಪು ಹಚ್ಚಿ, ತೊಳೆದು, ಹಳೆ ಸೀರೆಯ ತುಂಡಿನಿಂದ ಒತ್ತಿ ಒರೆಸಿದಳು.

"ಸಾಕು ಬಿಡ, ನಿನ್ನ ಕಾಲು ತೊಳ್ಕೋ," ಎಂದಳು ಹುಸೇನಮ್ಮ.

ಗಂಗಾಳ ಎದೆಯ ಅಂಜಿಕೆ ಮಾತ್ರ ಇಳಿಯಲಿಲ್ಲ. ನಾಳೆ ಮಗಳ ಬೆರಳು ಚುಚ್ಚಿಸಬೇಕಿತ್ತು.