ಅಟ್ಟ ಹತ್ತಿದ ಸಕ್ಕರೆ ಡಬ್ಬಿ

ಆ ಮನೆಯ ಮುಂಗೋಣೆಯಲ್ಲಿ ಹೊಲಿಗೆ ಯಂತ್ರ ನಿಂತರೆ ಯಾರೂ ಗಾಬರಿಯಾಗುತ್ತಿರಲಿಲ್ಲ. ಮಗಳು ಮತ್ತೆ ಕನಸು ಕಾಣಲು ಕೂತಳು ಎಂದುಕೊಳ್ಳುತ್ತಿದ್ದರು. ಕಿಟಕಿಯ ಬಿಸಿಲು ಬಟ್ಟೆಯ ಮೇಲೆ ಬಿದ್ದರೆ ಸಾಕು, ಅವಳ ಕಾಲು ಪೆಡಲಿನ ಮೇಲೇ ಉಳಿದು ಮನಸ್ಸು ಎತ್ತಲೋ ಹೋಗಿಬಿಡುತ್ತಿತ್ತು. ಬೀದಿಯವರೆಲ್ಲ ಅವಳನ್ನು ಕನಸಮ್ಮ ಎಂದೇ ಕರೆಯುತ್ತಿದ್ದರು.

ಹೋದ ತಿಂಗಳು ಕನಸಮ್ಮನಿಗೆ ಟೈಪ್ ಒನ್ ಡಯಾಬಿಟಿಸ್ ಇದೆಯೆಂದು ಗೊತ್ತಾಯಿತು. ದೇಹದಲ್ಲಿ ಇನ್ಸುಲಿನ್ ತಯಾರಾಗುವುದೇ ನಿಂತಿತ್ತು, ದಿನವೂ ಚುಚ್ಚಿಕೊಳ್ಳಬೇಕು. ಆಸ್ಪತ್ರೆಯಿಂದ ಬಂದ ದಿನವೇ ಅಮ್ಮ ಸಕ್ಕರೆ ಡಬ್ಬಿಯನ್ನು ಅಟ್ಟಕ್ಕೇರಿಸಿ, "ಇನ್ನು ಈ ಮನೆಗೂ ಇದಕ್ಕೂ ಋಣ ತೀರಿತು" ಎಂದಿದ್ದಳು.

ಆ ಬೆಳಿಗ್ಗೆ ಇನ್ಸುಲಿನ್ ಚುಚ್ಚಿಕೊಂಡವಳು, ಪಕ್ಕದ ಮನೆಯ ನರ್ಸಕ್ಕನ ಬಿಳಿ ಕೋಟು ಮುಗಿಸಿಯೇ ತಿನ್ನೋಣವೆಂದು ತಿಂಡಿಯ ತಟ್ಟೆ ಸರಿಸಿದಳು. ಜೇಬು ಹೊಲಿಯುತ್ತಿದ್ದಂತೆ ಯಂತ್ರದ ಸದ್ದು ಎಲ್ಲೋ ದೂರದ ತೊರೆಯಂತೆ ಕೇಳಿಸತೊಡಗಿತು. ಬಿಳಿ ಬಟ್ಟೆ ಮೋಡವಾಗಿ ಹರಡಿತು. ಸೂಜಿ ಕಣ್ಣಿಗೆ ಎರಡಾಗಿ ಕಂಡಿತು. ಕೈ ನಡುಗಿತು, ಎದೆ ಡವಡವ ಎಂದಿತು. ಆದರೂ ಏನೋ ಹಿತ. ಆ ಮೋಡದ ಮೇಲೆ ತಲೆಯಿಟ್ಟಳು.

ಮಾತುಗಳು ತೊರೆಯ ಆಚೆ ದಡದಿಂದ ಬಂದವು. ಕೋಟು ಒಯ್ಯಲೆಂದು ನರ್ಸಕ್ಕ ಬಂದಿದ್ದಳು.

"ನೋಡೇ, ನಿನ್ನ ಟೈಲರು ನಿದ್ದೆ ಹೊಡೀತಿದ್ದಾಳೆ" ಎಂದು ಅಮ್ಮ ನಕ್ಕಳು. "ಮಲಗ್ಲಿ ಬಿಡು. ಕೂತಲ್ಲೇ ಊರು ಸುತ್ತಿ ಬರ್ತಾಳೆ."

ನರ್ಸಕ್ಕ ಕೋಟಿನ ಜೇಬನ್ನೇ ನೋಡುತ್ತಿದ್ದಳು. ಹೊಲಿಗೆ ಅಂಕುಡೊಂಕಾಗಿ ಅಂಚು ದಾಟಿತ್ತು.

"ಚಿಕ್ಕಮ್ಮಾ, ಎಷ್ಟೇ ಕನಸು ಕಂಡ್ರೂ ಇವಳು ಯಾವತ್ತಾದ್ರೂ ಸೊಟ್ಟ ಹೊಲಿದಿದ್ದುಂಟಾ?"

ಅಮ್ಮ ಬಗ್ಗಿ ಹೊಲಿಗೆ ನೋಡಿದಳು. ನರ್ಸಕ್ಕ ಹುಡುಗಿಯ ಕತ್ತು ಮುಟ್ಟಿದಳು, ತಣ್ಣಗೆ ಒದ್ದೆ. ಬೆರಳಿನ ಒಂದು ಹನಿ ರಕ್ತಕ್ಕೆ ಸಕ್ಕರೆ ಅಳೆಯುವ ಮೀಟರು ಐವತ್ತೆರಡು ತೋರಿಸಿತು.

"ಎಪ್ಪತ್ತಕ್ಕಿಂತ ಕೆಳಗೆ ಇಳೀಬಾರ್ದು. ಸಕ್ಕರೆ ತನ್ನಿ, ಬೇಗ!"

"ಸಕ್ಕರೆನಾ? ತಲೆ ಕೆಟ್ಟಿದ್ಯಾ? ಸಕ್ಕರೆ ಕಾಯಿಲೆಯವಳಿಗೆ ನನ್ನ ಕೈಯಾರೆ ಸಕ್ಕರೆ ಕುಡಿಸ್ಲಾ?"

"ಇನ್ಸುಲಿನ್ ಒಳಗೆ ಹೋಗಿದೆ, ತಿಂಡಿ ಹೋಗಿಲ್ಲ. ಬಟ್ಟೆ ಇಲ್ಲ ಅಂತ ಓಡೋ ಯಂತ್ರದ ಸೂಜಿ ಸುಮ್ನಿರತ್ತಾ? ಹಾಗೇ ಇನ್ಸುಲಿನ್ ರಕ್ತದಲ್ಲಿ ಇರೋ ಸಕ್ಕರೆನೂ ಇಳಿಸ್ತಾ ಇದೆ. ಈಗ ಸಕ್ಕರೆನೇ ಔಷಧಿ. ಮಲಗೋಕೆ ಬಿಟ್ರೆ ಎಬ್ಬಿಸೋಕೇ ಆಗದೆ ಹೋಗಬಹುದು, ಚಿಕ್ಕಮ್ಮಾ!"

ಅಮ್ಮ ಸ್ಟೂಲು ಹತ್ತಿದ್ದು ಯಾವಾಗಲೋ, ಡಬ್ಬಿ ಹಿಡಿದು ಇಳಿದದ್ದು ಯಾವಾಗಲೋ.

"ಕಣ್ಣು ಬಿಡು, ಕನಸಮ್ಮಾ. ಗುಟುಕು ಗುಟುಕಾಗಿ ನುಂಗು" ಎಂದಳು ನರ್ಸಕ್ಕ.

ಅರ್ಧ ಲೋಟ ನೀರು, ಮೂರ್ನಾಲ್ಕು ಟೀ ಚಮಚ ಸಕ್ಕರೆ. ಅವಳಿಗೆ ಎಚ್ಚರವಿತ್ತು, ನುಂಗಿದಳು.

"ಇನ್ನೊಂದಿಷ್ಟು ಹಾಕ್ಲಾ?" ಎಂದಳು ಅಮ್ಮ.

"ಈಗ ಡಬ್ಬಿನೇ ಸುರೀಬೇಡಿ! ಕಾಲು ಗಂಟೆ ತಾಳಿ. ಆಮೇಲೂ ಕಮ್ಮಿ ಇದ್ರೆ ಇಷ್ಟೇ ಇನ್ನೊಂದ್ಸಲ."

ಕಾಲು ಗಂಟೆ ಕಳೆಯಿತು. ಸೂಜಿ ಮತ್ತೆ ಒಂದೇ ಆಯಿತು. ಮೀಟರು ತೊಂಬತ್ತು ದಾಟಿತು. ಅಮ್ಮ ತಿಂಡಿಯ ತಟ್ಟೆಯನ್ನು ಮಗಳ ಮುಂದೆ ಎಳೆದಳು.

ಮಧ್ಯಾಹ್ನ ಕನಸಮ್ಮ ಜೇಬು ಬಿಚ್ಚಿ ನೆಟ್ಟಗೆ ಹೊಲಿದಳು. ಉಳಿದ ತುಂಡಿನಿಂದ ತನ್ನ ಅಂಗಿಯ ಒಳಗೂ ಒಂದು ಪುಟ್ಟ ಜೇಬಿಟ್ಟು ಗ್ಲೂಕೋಸ್ ಪುಡಿಯ ಪೊಟ್ಟಣ ಇಟ್ಟುಕೊಂಡಳು. ಸಕ್ಕರೆ ಡಬ್ಬಿ ಈಗ ದಾರದ ಉಂಡೆಗಳ ಪಕ್ಕದಲ್ಲೇ ಇರುತ್ತದೆ. ಯಂತ್ರ ನಿಂತರೆ ಅಡುಗೆಮನೆಯಿಂದ ಕೂಗು ಬರುತ್ತದೆ:

"ಏ ಕನಸಮ್ಮಾ! ಕನಸೋ, ಸಕ್ಕರೆಯೋ?"

"ಕನಸೇ ಕಣಮ್ಮಾ!"

"ನಿನ್ನ ಮಾತು ಯಾರಿಗೆ ಬೇಕು? ಮೀಟರು ತೋರ್ಸು."

ಇದನ್ನು ಓದುತ್ತಿರುವವರೇ, ನಿಮ್ಮ ಮನೆಯಲ್ಲೂ ಇನ್ಸುಲಿನ್ ತೆಗೆದುಕೊಳ್ಳುವವರಿದ್ದರೆ ಒಮ್ಮೆ ಎದ್ದು ಸಕ್ಕರೆ ಡಬ್ಬಿ ಎಲ್ಲಿದೆ ನೋಡಿ ಬನ್ನಿ. ಅದು ಕೈಗೆಟುಕುವಂತಿರಲಿ. ಇನ್ಸುಲಿನ್ ಚುಚ್ಚಿಕೊಂಡ ಮೇಲೆ ಊಟ ತಪ್ಪಿಸಬೇಡಿ. ನಡುಕ, ಬೆವರು, ಮಂಕು ಕಂಡರೆ ಮಲಗಲು ಬಿಡಬೇಡಿ. ಮೀಟರು ಇಲ್ಲದಿದ್ದರೂ ತಡಮಾಡದೆ ಸಕ್ಕರೆ ನೀರು ಕುಡಿಸಿ. ಎಚ್ಚರ ತಪ್ಪಿದ್ದರೆ ಮಾತ್ರ ಬಾಯಿಗೆ ಏನೂ ಹಾಕದೆ, ಮಗ್ಗುಲಿಗೆ ಹೊರಳಿಸಿ, ಕೂಡಲೇ ಆಂಬ್ಯುಲೆನ್ಸ್ ಕರೆಸಿ. ಇನ್ಸುಲಿನ್ನನ್ನು ನೀವೇ ನಿಲ್ಲಿಸಬೇಡಿ, ಡಾಕ್ಟರನ್ನು ಕೇಳಿ.

ಕನಸು ಕಾಣುವವರು ಕಾಣಲಿ. ಎಬ್ಬಿಸಬೇಕಾದ ಹೊತ್ತು ನಿಮಗೆ ಗೊತ್ತಿರಲಿ.