ತುಂಗಿ ಎಂಬ ಹಸು

"ಎಲ್ಲೋಗ್ಬಿಟ್ಟಿದ್ರಿ ಮೇಡಂ? ಮೇವು ಹಾಕೋರಿಲ್ದೆ ನಿಮ್ ಹಸು ಏನಾಯ್ತೋ ಏನೋ!"

ಗಾಂಧಿ ಬಜಾರಿನ ಹೂವಿನಂಗಡಿಗಳ ಮೇಲಿದ್ದ ಸೈಬರ್ ಕೆಫೆಯ ಮುನೇಶ ತಮಾಷೆ ಮಾಡಿದ. ಮಧುರಾ ನಗಲಿಲ್ಲ. ಅವಳ ಅಜ್ಜಿ ಜಾನಕಮ್ಮನವರ ವೈಕುಂಠ ಸಮಾರಾಧನೆ ನಿನ್ನೆಯಷ್ಟೇ ಮುಗಿದಿತ್ತು. ಸೂತಕ ಕಳೆಯುವವರೆಗೆ ಹೊಸಿಲು ದಾಟಬೇಡ ಎಂದು ಸೋದರತ್ತೆ ಕಟ್ಟುನಿಟ್ಟು ಮಾಡಿದ್ದರಿಂದ ಇಷ್ಟು ದಿನ ಬಂದಿರಲಿಲ್ಲ. ಇವತ್ತು ದೇವಸ್ಥಾನಕ್ಕೆಂದು ಹೇಳಿ ಹೊರಟವಳು ನೆಟ್ಟಗೆ ಇಲ್ಲಿಗೇ ಬಂದಿದ್ದಳು. ನಾಚಿಕೆಯಾಗುತ್ತಿತ್ತು. ಆದರೆ ಮನೆಯಲ್ಲಿಲ್ಲದ ಅಜ್ಜಿ ಇಲ್ಲಿ ಇನ್ನೂ ಇದ್ದರು. ಅಷ್ಟು ನಂಬಿಕೆಯಲ್ಲೇ ಅವಳು ಆ ದಿನಗಳನ್ನು ಕಳೆದಿದ್ದಳು.

ಅದೊಂದು ವೆಬ್‌ಸೈಟು. ಯಾವ್ಯಾವುದೋ ದೇಶದವರು ಒಬ್ಬೊಬ್ಬರು ಒಂದೊಂದು ಪ್ರಾಣಿಯಾಗಿ, ಸರದಿಯಂತೆ ಬರೆಯುತ್ತಾ ಒಂದು ಕಣಿವೆಯ ಕಥೆ ಕಟ್ಟುತ್ತಿದ್ದರು. ಕರಿತೋಳ ಎಂಬ ಹೆಸರಿನವರು ಅದರ ಯಜಮಾನರು. ಗಂಡೋ ಹೆಣ್ಣೋ ಮಧುರಾಗೆ ಗೊತ್ತಿಲ್ಲ. ಕಾಲೇಜು ಸೇರಿದ ವರ್ಷ ಅವಳು ಮೊದಲು ಕಳಿಸಿದ್ದು ಒಂದು ಹೆಣ್ಣು ಹುಲಿಯನ್ನು. ಭಾರಿ ಶೂರೆ, ಭಾರಿ ಸುಂದರಿ. "ಇದಕ್ಕೆ ಹೆದರಿಕೆಯಿಲ್ಲ, ಹಟವಿಲ್ಲ, ಕೆಟ್ಟ ಅಭ್ಯಾಸವಿಲ್ಲ. ಇದು ಪ್ರಾಣಿಯಲ್ಲ, ಕ್ಯಾಲೆಂಡರಿನ ಚಿತ್ರ" ಎಂದು ಕರಿತೋಳ ವಾಪಸು ಕಳಿಸಿದರು.

ಮುಖ ಊದಿಸಿಕೊಂಡು ಮನೆಗೆ ಬಂದವಳ ಕಣ್ಣಿಗೆ ಬಿದ್ದದ್ದು ಅಜ್ಜಿ. ಅಡುಗೆಮನೆಯ ಬಾಗಿಲ ಪಕ್ಕ ಗೋಡೆಗೊರಗಿ, ತಮ್ಮ ತಟ್ಟೆ ಬೋರಲು ಹಾಕಿಕೊಂಡು ಕೂತಿದ್ದರು. ಮನೆಯ ಕೊನೆಯ ಮನುಷ್ಯ ಉಣ್ಣುವ ತನಕ ಅವರು ಉಣ್ಣುವವರಲ್ಲ. ಸಕ್ಕರೆ ಕಾಯಿಲೆ, ಹೊತ್ತಿಗೆ ಸರಿಯಾಗಿ ತಿನ್ನಿ ಎಂದು ಡಾಕ್ಟರು ಬೈದರೆ, "ನಿಮ್ದು ಊಟ ಆಯ್ತಾ?" ಎಂದು ಅವರನ್ನೇ ಕೇಳಿದ್ದರು. ಗುಡುಗಿಗೆ ಹೆದರುತ್ತಿದ್ದರು, ಬೆಕ್ಕಿನ ಮೇಲೂ ಮುನಿಸಿಕೊಳ್ಳುತ್ತಿದ್ದರು. ಮಧುರಾ ಅದನ್ನೆಲ್ಲ ಒಂದು ಹಸುವಿಗೆ ಕೊಟ್ಟು ತುಂಗಿ ಎಂದು ಹೆಸರಿಟ್ಟಳು. ಹಿಂಡಿನ ಕೊನೆಯ ಕರು ಮೇಯುವ ತನಕ ತುಂಗಿ ಹುಲ್ಲಿಗೆ ಬಾಯಿ ಹಾಕುತ್ತಿರಲಿಲ್ಲ. ತೋಳಗಳಿಗೂ ಅವಳೆಂದರೆ ಪ್ರೀತಿ.

ಅಜ್ಜಿ ಹೋದದ್ದೂ ಹಾಗೆಯೇ. ಒಂದು ಮಧ್ಯಾಹ್ನ ಎಲ್ಲರಿಗಾಗಿ ಕಾಯುತ್ತಾ ಕೂತವರು ಕೂತಲ್ಲೇ ವಾಲಿಬಿಟ್ಟರು.

ಪುಟ ನಿಧಾನವಾಗಿ ತೆರೆದುಕೊಂಡಿತು. ಕಣಿವೆಗೆ ನೆರೆ ಬಂದಿತ್ತು. ಮಧುರಾ ಬೇಗಬೇಗ ಓದಿದಳು. ಪ್ರಾಣಿಗಳೆಲ್ಲ ಗುಡ್ಡ ಹತ್ತಿದ್ದವು. ಒಂದು ಕರು ಇನ್ನೂ ಬಂದಿರಲಿಲ್ಲವೆಂದು ತುಂಗಿ ಕೆಳಗೇ ನಿಂತಿದ್ದಳು. ಹೊಟ್ಟೆಯ ಮಟ್ಟಕ್ಕೆ ಏರಿದ ನೀರನ್ನೂ ಅವಳು ಕೇಳಿದಳಂತೆ, ನಿನ್ನ ಊಟ ಆಯಿತೇ ಎಂದು. ಆಮೇಲಿನ ಪುಟಗಳಲ್ಲಿ ತುಂಗಿ ಇರಲಿಲ್ಲ. ಕರಿತೋಳ ಬರೆದದ್ದು ಎಷ್ಟು ಚೆನ್ನಾಗಿತ್ತೆಂದರೆ ಮಧುರಾಗೆ ಸಿಟ್ಟು ಬಂತು.

"ಅವಳನ್ನು ಬದುಕಿಸಿ. ದಯವಿಟ್ಟು" ಎಂದು ಇಂಗ್ಲಿಷಿನಲ್ಲಿ ಟೈಪು ಮಾಡಿದಳು.

ಉತ್ತರ ಸ್ವಲ್ಪ ಹೊತ್ತಿಗೇ ಬಂತು. "ನೀನು ಹೇಳದೆ ಮಾಯವಾದೆ. ಕಾದೆವು. ಕೊನೆಗೆ ನಿನ್ನ ಸರದಿಯನ್ನು ನಾನೇ ಬರೆದೆ. ಎಲ್ಲರೂ ಸೇರಿ ಬರೆದಾದ ಮೇಲೆ ಅಳಿಸುವಂತಿಲ್ಲ, ನಿನಗೂ ಗೊತ್ತು. ಅವಳನ್ನು ಓಡಿಸಲು ನಾನು ತುಂಬಾ ಪ್ರಯತ್ನಪಟ್ಟೆ. ಬೇರೆ ಯಾವ ಪ್ರಾಣಿಯಾದರೂ ಓಡುತ್ತಿತ್ತು. ತುಂಗಿ ಹೇಗೆ ಓಡಿಯಾಳು? ಅವಳನ್ನು ಹಾಗೆ ಮಾಡಿದವಳು ನೀನೇ ಅಲ್ಲವೇ?"

"ಅವಳು ನಮ್ಮಜ್ಜಿ" ಎಂದು ಮಧುರಾ ಟೈಪು ಮಾಡಿದಳು. ಅಳಿಸಿದಳು. ಆ ಮಾತು ಅಲ್ಲಿ ಯಾರಿಗೆ ಏನು ಅರ್ಥವಾಗಬೇಕು?

"ಸತ್ತೋಯ್ತಾ?" ಮುನೇಶ ಹಿಂದಿನಿಂದ ಇಣುಕಿದ. "ಹೋಗ್ಲಿ ಬಿಡಿ ಮೇಡಂ, ಈ ಸಲ ಎಮ್ಮೆ ಮಾಡಿ. ಗಟ್ಟಿ ಇರತ್ತೆ." ಅವಳ ಮುಖ ನೋಡಿದವನು ಏನು ಮಾಡುವುದೆಂದು ತೋಚದೆ ಟೇಬಲ್ ಫ್ಯಾನನ್ನು ಅವಳ ಕಡೆ ತಿರುಗಿಸಿ ಹೋದ.

ಮನೆಗೆ ಬರುವಷ್ಟರಲ್ಲಿ ಊಟದ ಹೊತ್ತು ಮೀರಿತ್ತು. ಅಡುಗೆಮನೆಯ ಬಾಗಿಲ ಪಕ್ಕ, ಅದೇ ಗೋಡೆಗೊರಗಿ ಅಮ್ಮ ಕೂತಿದ್ದಳು.

"ನೀನಿನ್ನೂ ಊಟ ಮಾಡಿಲ್ವಾ?"

"ನೀನ್ ಬರ್ಲಿ ಅಂತಿದ್ದೆ."

"ಅಲ್ಲಿ ಕೂತ್ಕೋಬೇಡಮ್ಮ! ಯಾರಿಗೂ ಕಾಯ್ಬೇಡ. ಹಸಿವಾದಾಗ ತಿಂದ್ಬಿಡು, ನನ್ ಮೇಲಾಣೆ."

ಅಮ್ಮ ಗಾಬರಿಯಾಗಿ ಅವಳ ಮುಖ ನೋಡಿದಳು. "ಆಯ್ತಮ್ಮ, ಆಯ್ತು. ಕೈಕಾಲ್ ತೊಳ್ಕೊಂಡ್ ಬಾ."

ತೊಳೆದುಕೊಂಡು ಬಂದಾಗ ಮಧುರಾಳ ತಟ್ಟೆಯಲ್ಲಿ ಅನ್ನ ಸಾರು ಬಿದ್ದಿತ್ತು, ತುಪ್ಪವೂ ಬಿದ್ದಿತ್ತು. ಅಮ್ಮನ ತಟ್ಟೆ ಬೋರಲಾಗಿಯೇ ಇತ್ತು.

"ನೀನ್ ತಿನ್ನು," ಎಂದಳು ಅಮ್ಮ. "ನಿಮ್ಮಪ್ಪನೂ ಬಂದ್ಬಿಡ್ಲಿ."