ಹೊಲಿಗೆಯ ಎಡತುದಿ

ಇಂಪನಾ ಹುಟ್ಟಿ ಮೂರು ವರ್ಷವಾಗಿತ್ತು. ಅವಳ ತಾಯಿ ಸಮತಾಳ ಸಿಸೇರಿಯನ್ ಗಾಯ ಎಂದೋ ಮಾಗಿತ್ತು. ಆದರೆ ಹೊಲಿಗೆಯ ಎಡತುದಿಯಲ್ಲಿ ಅಡಿಕೆ ಗಾತ್ರದ ಗಂಟೊಂದು ಎದ್ದಿತ್ತು. ಕೆಲವು ದಿನ ಸುಮ್ಮನಿರುತ್ತಿತ್ತು. ಕೆಲವು ದಿನ ಚೂಡಿದಾರದ ಲಾಡಿ ತಾಗಿದರೂ ಜೀವ ಹೋಗುತ್ತಿತ್ತು.

ಭದ್ರಾವತಿಯಲ್ಲಿ ಇಬ್ಬರು ಡಾಕ್ಟರಿಗೆ ತೋರಿಸಿದ್ದಾಯಿತು. ಹೊಲಿಗೆಯ ದಾರ ಒಳಗೆ ಉಳಿದಿದೆ ಎಂದರು ಒಬ್ಬರು, ಹರ್ನಿಯಾ ಎಂದರು ಇನ್ನೊಬ್ಬರು. ಅತ್ತೆ ದುರ್ಗಮ್ಮನದು ಒಂದೇ ಮಾತು: "ಹಸಿ ಬಾಣಂತಿ ಬಿಂದಿಗೆ ಎತ್ತಬೇಡ ಅಂದ್ರೆ ಕೇಳಿದ್ಯಾ?"

"ಹೋದ ವಾರ ಚೆನ್ನಾಗೇ ಇದ್ಯಲ್ಲ ಮಾರಾಯ್ತಿ, ಮತ್ತೇನಾಯ್ತು?" ಎಂದ ಗಂಡ ಯೋಗರಾಜ್.

ಆ ಮಾತು ಅವಳನ್ನು ಕೊರೆಯತೊಡಗಿತು. ಹೌದಲ್ಲ, ಹೋದ ವಾರ ಯಾಕೆ ಚೆನ್ನಾಗಿತ್ತು? ತಾನು ಗುರುತು ಹಾಕಿಟ್ಟ ಕ್ಯಾಲೆಂಡರಿನ ಹಾಳೆಗಳನ್ನು ತಿರುವಿದಳು. ನೋವಿಗೆಂದು ರಜೆ ಹಾಕಿದ ದಿನಗಳೂ ಮುಟ್ಟಿನ ದಿನಗಳೂ ಒಂದೇ. ಹಿಂದಿನ ನಾಲ್ಕು ತಿಂಗಳೂ ಒಂದೇ!

ಮರುದಿನ ಎಂದಿನಂತೆ ಕೆಲಸಕ್ಕೆಂದೇ ಬಸ್ಸು ಹತ್ತಿದಳು. ಅವಳ ಕಾರ್ಖಾನೆಯಿರುವ ಮಾಚೇನಹಳ್ಳಿ ಬಂತು. ಜೊತೆಯವರು ಇಳಿದರು. ಅವಳು ಏಳಲಿಲ್ಲ. ಶಿವಮೊಗ್ಗದವರೆಗೂ ಬ್ಯಾಗಿನ ಜಿಪ್ಪನ್ನು ಎಳೆಯುತ್ತ, ಮುಚ್ಚುತ್ತ ಕೂತಿದ್ದಳು.

"ಮುಟ್ಟಾದಾಗಲೇ ಈ ಗಂಟು ನೋಯುತ್ತೆ ಮೇಡಂ. ಹುಚ್ಚು ಅನ್ಕೋಬೇಡಿ," ಎಂದಳು ಅಲ್ಲಿನ ಸ್ತ್ರೀರೋಗ ತಜ್ಞೆ ಡಾಕ್ಟರ್ ಸಂಧ್ಯಾ ಎದುರು.

"ಹುಚ್ಚೇನಿಲ್ಲಮ್ಮ. ಗರ್ಭಕೋಶದ ಒಳಪದರದ ಚೂರು ಆಪರೇಷನ್ ಹೊತ್ತಲ್ಲಿ ಗಾಯಕ್ಕೆ ಅಂಟಿ, ಅಲ್ಲೇ ಬೆಳೆದಿರಬಹುದು. ಮುಟ್ಟಾದಾಗ ಅದೂ ಊದ್ಕೊಳ್ಳುತ್ತೆ. ಅಪರೂಪ, ಆದ್ರೆ ಆಗುತ್ತೆ."

"ನಾನು ಬಿಂದಿಗೆ ಎತ್ತಿದ್ದಕ್ಕಾ?"

"ಅಲ್ಲ. ನಿಮ್ದೇನೂ ತಪ್ಪಿಲ್ಲ."

"ಕ್ಯಾನ್ಸರ್...?"

"ಹಾಗೆ ಕಾಣ್ತಿಲ್ಲ. ಸ್ಕ್ಯಾನ್ ಮಾಡೋಣ. ಗಂಟು ತೆಗೆದು ಲ್ಯಾಬಿಗೆ ಕಳಿಸಿದ್ಮೇಲೆ ಖಚಿತವಾಗಿ ಹೇಳ್ತೀನಿ."

ಅಂದು ಸಂಜೆ ಅತ್ತೆಯ ಎದುರಲ್ಲೇ ಗಂಡನಿಗೆ ಎಲ್ಲವನ್ನೂ ಬಿಡಿಸಿ ಹೇಳಿದಳು. ದುರ್ಗಮ್ಮ ಸೆರಗನ್ನು ಬಾಯಿಗಿಟ್ಟುಕೊಂಡರು. ಯೋಗರಾಜ್, "ಆಪರೇಷನ್ ಯಾವತ್ತು?" ಎಂದ.

ಗಂಟನ್ನು ಸುತ್ತಲಿನ ಅಂಗಾಂಶದ ಸಮೇತ ತೆಗೆದರು. ವರದಿಯೂ ಡಾಕ್ಟರ್ ಹೇಳಿದ್ದನ್ನೇ ಹೇಳಿತು, ಕ್ಯಾನ್ಸರ್ ಇರಲಿಲ್ಲ. ಆದರೆ "ಮತ್ತೆ ಬಂದರೂ ಬರಬಹುದು, ಗಮನ ಇರಲಿ" ಎಂದಿದ್ದರಲ್ಲ! ಮುಂದಿನ ಮುಟ್ಟು ಹತ್ತಿರವಾದಂತೆ ಸಮತಾಳಿಗೆ ಕೂತಲ್ಲಿ ಕೂರಲಾಗಲಿಲ್ಲ. ಒಲೆಯ ಮುಂದೆ, ಬಚ್ಚಲಲ್ಲಿ, ಹೋದಲ್ಲೆಲ್ಲ ಆ ಜಾಗವನ್ನು ಒತ್ತಿ ಒತ್ತಿ ನೋಡಿದಳು.

ಮುಟ್ಟಾಯಿತು. ಕಿಬ್ಬೊಟ್ಟೆ ಎಂದಿನಂತೆ ಸೆಳೆಯಿತು. ಗಾಯ ಸುಮ್ಮನಿತ್ತು. ಎರಡನೆಯ ದಿನವೂ ಸುಮ್ಮನಿತ್ತು, ಅವಳು ನಂಬಲಿಲ್ಲ. ಮೂರನೆಯ ದಿನ ಭಾನುವಾರ, ಆಗಲೂ ಗಾಯದಲ್ಲಿ ನೋವಿರಲಿಲ್ಲ. ಊಟ ಮುಗಿಸಿ ಐದು ನಿಮಿಷವೆಂದು ಒರಗಿದವಳಿಗೆ ಎಚ್ಚರವಾದಾಗ ಸಂಜೆ ಐದು ದಾಟಿತ್ತು.